ಫೈರ್‌ವಾಲ್‌ನ ಡಿಸ್ಕ್ ತುಂಬುವ ಮೊದಲೇ ಎಸ್‌ಎನ್‌ಎಂಪಿ ಮೂಲಕ ತಿಳಿಯುವುದು ಹೇಗೆ?

ಪ್ರಶ್ನೆ (ತುಮಕೂರು):
ಎಲ್ಲರಿಗೂ ನಮಸ್ಕಾರ. ವಸಂತನರಸಾಪುರದ ಕಾರ್ಖಾನೆಯೊಂದರ ನೆಟ್‌ವರ್ಕ್ ನನ್ನ ಹೊಣೆಯಲ್ಲಿದೆ. ಕಳೆದ ತಿಂಗಳು ಅಲ್ಲಿನ ಫೈರ್‌ವಾಲ್‌ನ ಡಿಸ್ಕ್ ಪೂರ್ತಿ ತುಂಬಿ, ಟ್ರಾಫಿಕ್ ಎಂದಿನಂತೆ ಸಾಗುತ್ತಿದ್ದರೂ ಲಾಗ್ ಬರೆಯುವುದು ನಿಂತುಹೋಗಿತ್ತು. ಆಡಿಟ್‌ನವರು ಲಾಗ್ ಕೇಳಿದಾಗಲೇ ಅದು ಗಮನಕ್ಕೆ ಬಂದದ್ದು. ಈಗ ಜ್ಯಾಬಿಕ್ಸ್ (ಸಾಧನಗಳ ಮೇಲೆ ನಿಗಾ ಇಡುವ ತಂತ್ರಾಂಶ) ಸರ್ವರ್‌ನಿಂದ ಎಸ್‌ಎನ್‌ಎಂಪಿ (ಸಾಧನಗಳ ಸ್ಥಿತಿಯನ್ನು ನೆಟ್‌ವರ್ಕ್ ಮೂಲಕ ಓದುವ ವಿಧಾನ) ಬಳಸಿ, ಡಿಸ್ಕ್ ಬಳಕೆಯ ಟೇಬಲ್‌ನ 6ನೇ ಕಾಲಂ ಆದ 1.3.6.1.2.1.25.2.3.1.6 ಅನ್ನು ವಾಕ್ ಮಾಡಿದರೆ (ಅದರ ಸಾಲುಗಳನ್ನೆಲ್ಲ ಓದಿದರೆ), 31 ಎಂದು ಕೊನೆಗೊಳ್ಳುವ ಸಾಲಿನಲ್ಲಿ 4456448 ಎಂಬ ಅಂಕಿ ಬರುತ್ತದೆ. ಬೈಟ್ ಎಂದುಕೊಂಡರೆ ಐದು ಎಂಬಿಯೂ ಆಗುವುದಿಲ್ಲ. ಇದನ್ನು ಹೇಗೆ ಓದಬೇಕು? ಎಚ್ಚರಿಕೆಯನ್ನು ಯಾವ ಮಟ್ಟಕ್ಕೆ ಇಡಬೇಕು?

ಉತ್ತರ (ಕೋಲಾರ):
ಸರ್, ಅದು ಬೈಟ್ ಅಲ್ಲ, ಬ್ಲಾಕ್‌ಗಳ ಎಣಿಕೆ. ಅದೇ ಟೇಬಲ್‌ನ 4ನೇ ಕಾಲಂ ಒಂದು ಬ್ಲಾಕ್‌ಗೆ ಎಷ್ಟು ಬೈಟ್ ಎಂಬುದನ್ನೂ 5ನೇ ಕಾಲಂ ಒಟ್ಟು ಬ್ಲಾಕ್‌ಗಳನ್ನೂ ತಿಳಿಸುತ್ತವೆ. 4ರಲ್ಲಿ 4096, 5ರಲ್ಲಿ 5242880 ಇದ್ದರೆ, 20 ಜಿಬಿಯಲ್ಲಿ 17 ಜಿಬಿ, ಅಂದರೆ ಶೇ. 85 ತುಂಬಿದೆ ಎಂದು ಅರ್ಥ. ಆದರೆ 31 ಎಂಬ ಇಂಡೆಕ್ಸನ್ನು (ಸಾಲಿನ ಸಂಖ್ಯೆಯನ್ನು) ಜ್ಯಾಬಿಕ್ಸ್‌ನ ಟೆಂಪ್ಲೇಟ್‌ನಲ್ಲಿ, ಅಂದರೆ ಏನೇನು ಓದಬೇಕೆಂಬ ಸಿದ್ಧ ಪಟ್ಟಿಯಲ್ಲಿ, ನೇರವಾಗಿ ಬರೆಯಬೇಡಿ. ಫರ್ಮ್‌ವೇರ್ ಬದಲಾದ ಮೇಲೆ ಅದೇ ಸಂಖ್ಯೆ ಬೇರೆ ಪಾರ್ಟಿಷನ್‌ಗೆ ಸೇರಿಬಿಡಬಹುದು. 3ನೇ ಕಾಲಂನಲ್ಲಿರುವ ಹೆಸರನ್ನು ಹಿಡಿದು ಡಿಸ್ಕವರಿ (ಜ್ಯಾಬಿಕ್ಸ್ ತಾನೇ ಸಾಲುಗಳನ್ನು ಹುಡುಕಿಕೊಳ್ಳುವ ವಿಧಾನ) ನಡೆಸಿ. ರ‍್ಯಾಮ್ ಮತ್ತು ಸ್ವಾಪ್ ಕೂಡ ಇದೇ ಟೇಬಲ್‌ನಲ್ಲಿ ಬರುವುದರಿಂದ, 2ನೇ ಕಾಲಂನ ವಿಧವನ್ನು ನೋಡಿ ಡಿಸ್ಕ್‌ಗಳನ್ನು ಮಾತ್ರ ಆರಿಸಿಕೊಳ್ಳಿ.

ಉತ್ತರ (ಚಿಕ್ಕಬಳ್ಳಾಪುರ):
ಮೇಲಿನವರು ಹೇಳಿದ್ದು ಸರಿ. ತಮ್ಮ ಫೈರ್‌ವಾಲ್ ಪಿಎಫ್‌ಸೆನ್ಸ್ ಆಗಿದ್ದರೆ ಎಸ್‌ಎನ್‌ಎಂಪಿ ಪುಟದಲ್ಲಿ ಹೋಸ್ಟ್ ರಿಸೋರ್ಸಸ್ ಮಾಡ್ಯೂಲ್ ಆನ್ ಇರಬೇಕು, ಇಲ್ಲವಾದರೆ ಈ ಟೇಬಲ್ ಸಿಗುವುದಿಲ್ಲ. ಫೋರ್ಟಿಗೇಟ್ ಫೈರ್‌ವಾಲ್ ಆಗಿದ್ದರೆ ತಯಾರಕರದೇ ಮಿಬ್ (ಯಾವ ಸಂಖ್ಯೆ ಏನನ್ನು ಸೂಚಿಸುತ್ತದೆ ಎಂಬ ಪಟ್ಟಿ) ಬಳಸಿ: 1.3.6.1.4.1.12356.101.4.1.6 ಬಳಕೆಯನ್ನೂ ಅದರ ಮುಂದಿನ 7 ಒಟ್ಟು ಸ್ಥಳವನ್ನೂ ಎಂಬಿಯಲ್ಲಿ ಕೊಡುತ್ತವೆ.

ಮಟ್ಟದ ವಿಚಾರದಲ್ಲಿ ಶೇ. 80ಕ್ಕೆ ಎಚ್ಚರಿಕೆ, 90ಕ್ಕೆ ತುರ್ತು ಎಂಬುದು ಸಾಮಾನ್ಯ ಪದ್ಧತಿ. ನನ್ನ ದೃಷ್ಟಿಯಲ್ಲಿ ಅದಷ್ಟೇ ಸಾಲದು. ಹಳೆಯ ಲಾಗನ್ನು ತಾನಾಗಿಯೇ ಅಳಿಸಿ ಹೊಸದನ್ನು ಬರೆಯುವ ಸಾಧನದಲ್ಲಿ ಡಿಸ್ಕ್ ಸದಾ ಮೇಲಿನ ಮಟ್ಟದಲ್ಲೇ ಇರುವುದರಿಂದ, ಅಲರ್ಟ್ ದಿನವೂ ಬಂದು ಕೊನೆಗೆ ಯಾರೂ ಅದನ್ನು ಓದದಂತಾಗುತ್ತದೆ. ಏರಿಕೆಯ ವೇಗವನ್ನು ನೋಡಿ: ಜ್ಯಾಬಿಕ್ಸ್‌ನ ಟೈಮ್‌ಲೆಫ್ಟ್ ಫಂಕ್ಷನ್ ಈಗಿನ ಗತಿಯಲ್ಲಿ ಡಿಸ್ಕ್ ತುಂಬಲು ಎಷ್ಟು ಸಮಯ ಉಳಿದಿದೆ ಎಂದು ಅಂದಾಜಿಸುತ್ತದೆ.

ಪ್ರಶ್ನೆ ಕೇಳಿದವರು:
4ನೇ ಕಾಲಂ 4096 ಎಂದೇ ಇದೆ; ಲೆಕ್ಕ ಹೊಂದಿತು, ಇಬ್ಬರಿಗೂ ಧನ್ಯವಾದಗಳು. ಸದ್ಯ ಎಸ್‌ಎನ್‌ಎಂಪಿಯ ವಿ2ಸಿ ಆವೃತ್ತಿ ಬಳಸುತ್ತಿದ್ದೇನೆ, ಅದು ಸಾಕೇ?

ಉತ್ತರ (ಕೋಲಾರ):
ಬೇಡ ಸರ್. ವಿ2ಸಿಯಲ್ಲಿ ಕಮ್ಯುನಿಟಿ ಸ್ಟ್ರಿಂಗ್ (ಪಾಸ್‌ವರ್ಡ್‌ನಂತಹ ಪದ) ಗೂಢಲಿಪಿಯಿಲ್ಲದೆ ಹೋಗುತ್ತದೆ. ಫೈರ್‌ವಾಲ್‌ಗೆ ದೃಢೀಕರಣ ಮತ್ತು ಗೂಢಲಿಪಿ ಎರಡೂ ಇರುವ ವಿ3 ಬಳಸಿ, ಎಸ್‌ಎನ್‌ಎಂಪಿ ಬಳಸುವ ಯುಡಿಪಿ ಪೋರ್ಟ್ 161 ಅನ್ನು ಜ್ಯಾಬಿಕ್ಸ್ ಸರ್ವರ್‌ನ ಐಪಿಗೆ ಮಾತ್ರ ತೆರೆದಿಡಿ.