ಪದಚರ್ಚೆ: ಸಸ್ಪೆನ್ಷನ್ ‘ಗಟ್ಟಿ’ಯೋ, ‘ಬಿಗಿ’ಯೋ, ‘ಖಡಕ್’ ಅನ್ನಬಹುದೋ?

ಗೆಳೆಯರೇ,

ಸ್ಪೋರ್ಟ್ಸ್ ಕಾರುಗಳ ಸಸ್ಪೆನ್ಷನ್ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಸಸ್ಪೆನ್ಷನ್ ಅಂದರೆ ಕಾರಿನ ಮೈಗೂ ಚಕ್ರಕ್ಕೂ ನಡುವೆ ಇರುವ ಸ್ಪ್ರಿಂಗ್, ಶಾಕಪ್ (ಶಾಕ್ ಅಬ್ಸಾರ್ಬರ್) ಇವುಗಳ ಏರ್ಪಾಡು. ಕೆಲವು ಕಾರುಗಳಲ್ಲಿ ಬುಕ್ ಮಾಡುವಾಗಲೇ ಎರಡು ಬಗೆಯಲ್ಲಿ ಒಂದನ್ನು ಆರಿಸಬೇಕು. ಲೋಟಸ್ ಕಂಪನಿ 2021ರಲ್ಲಿ ತೋರಿಸಿದ ಎಮಿರಾ ಅಂಥದ್ದು. ಟೂರ್ ಅಂತ ಒಂದು, ಸ್ಪೋರ್ಟ್ಸ್ ಅಂತ ಇನ್ನೊಂದು. ಮೊದಲನೆಯದು ದಿನದ ಓಡಾಟಕ್ಕೆ, ದೂರದ ದಾರಿಗೆ. ಎರಡನೆಯದು ರೇಸ್ ಟ್ರ್ಯಾಕಿಗೂ ಹೋಗುವವರಿಗೆ. ಆಮೇಲೆ ಬಟನ್ ಒತ್ತಿ ಬದಲಾಯಿಸುವ ಏರ್ಪಾಡು ಅದರಲ್ಲಿಲ್ಲ. ಹಾಗಾಗಿ ಓದುವವರಿಗೆ ಈ ಎರಡರ ವ್ಯತ್ಯಾಸ ಸರಿಯಾಗಿ ತಿಳಿಯಬೇಕು. ನನಗೆ ಪದ ಸಾಲದಿರುವುದು ಇಲ್ಲೇ.

ಮೊದಲ ಕರಡಿನಲ್ಲಿ ಸುಮ್ನೆ ಸ್ಪೋರ್ಟ್ಸ್‌ಗೆ ‘ಗಟ್ಟಿ ಸಸ್ಪೆನ್ಷನ್’, ಟೂರ್‌ಗೆ ‘ಮೆತ್ತನೆಯ ಸಸ್ಪೆನ್ಷನ್’ ಅಂತ ಬರೆದಿದ್ದೆ. ಓದಿದ ಗೆಳತಿ ಕೇಳಿದಳು: ‘ಗಟ್ಟಿ ಅಂದ್ರೆ ಬೇಗ ಹಾಳಾಗಲ್ಲ, ಅಲ್ವಾ? ಹಾಗಿದ್ರೆ ಮೆತ್ತಂದು ಯಾಕೆ ತಗೋಬೇಕು?’ ಅವಳ ತಪ್ಪೇನಿಲ್ಲ. ನಮ್ಮ ಮಾತಿನಲ್ಲಿ ಗಟ್ಟಿ ಗಾಡಿ ಅಂದರೆ ಬಾಳಿಕೆ ಬರುವ ಗಾಡಿ. ಮೆತ್ತಗಾದ ಅಂದರೆ ಸೋತ. ಈ ಜೋಡಿ ಪದಗಳಲ್ಲಿ ಒಂದು ಮೊದಲೇ ಗೆದ್ದುಬಿಟ್ಟಿದೆ. ಆರಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಇಲ್ಲಿ ಬೆಳಗಾವಿಯ ಉದ್ಯಮಬಾಗದಲ್ಲಿ ಗೊತ್ತಿರುವ ಮಿಸ್ತ್ರಿಯೊಬ್ಬರಿದ್ದಾರೆ. ಅವರನ್ನು ಕೇಳಿದೆ. ಅವರು ಒಂದೇ ಮಾತಿನಲ್ಲಿ ಹೇಳಿದರು: ‘ಅಕ್ಕಾರ, ಸ್ಪ್ರಿಂಗ್ ಭಾರ ಹೊರತೈತ್ರಿ, ಶಾಕಪ್ ಕುಣಿತ ನಿಲ್ಲಸ್ತೈತ್ರಿ. ಎರಡೂ ಬ್ಯಾರೆ ಬ್ಯಾರೆ.’

ನನ್ನ ಗೊಂದಲದ ಬೇರು ಇದೇ. ನಾವು ‘ಗಟ್ಟಿ’ ಅನ್ನುವ ಒಂದೇ ಪದದಲ್ಲಿ ಮೂರು ಸಂಗತಿ ತುರುಕುತ್ತಿದ್ದೇವೆ. ಸ್ಪ್ರಿಂಗ್ ಎಷ್ಟು ಒತ್ತಿದರೆ ಎಷ್ಟು ಕುಗ್ಗುತ್ತದೆ ಅನ್ನುವುದು ಒಂದು. ಕುಗ್ಗಿದ ಸ್ಪ್ರಿಂಗ್ ಮೇಲೆ ಕೆಳಗೆ ಕುಣಿಯದಂತೆ ಶಾಕಪ್ ಅದನ್ನು ಎಷ್ಟು ಬೇಗ ಹತೋಟಿಗೆ ತರುತ್ತದೆ ಅನ್ನುವುದು ಇನ್ನೊಂದು. ಕೂತವರ ಬೆನ್ನಿಗೆ ಕೊನೆಗೆ ಏನು ತಟ್ಟುತ್ತದೆ ಅನ್ನುವುದು ಮೂರನೆಯದು. ಸ್ಪ್ರಿಂಗಿಗೆ ಎಷ್ಟು ದೂರ ಕುಗ್ಗಿತು ಅನ್ನುವುದು ಮುಖ್ಯ. ಶಾಕಪ್ಪಿಗೆ ಎಷ್ಟು ವೇಗವಾಗಿ ಕುಗ್ಗಿತು ಅನ್ನುವುದು ಮುಖ್ಯ. ಅದರೊಳಗೆ ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಎಣ್ಣೆ ನುಗ್ಗಬೇಕು, ಆ ನುಗ್ಗಾಟದಲ್ಲಿ ಕುಣಿತವೆಲ್ಲ ಶಾಖವಾಗಿ ಹೋಗುತ್ತದೆ. ಶಾಕ್ ಅಬ್ಸಾರ್ಬರ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಪೆಟ್ಟನ್ನು ಮೊದಲು ತಿನ್ನುವುದು ಸ್ಪ್ರಿಂಗ್. ಇಂಗ್ಲೆಂಡಿನವರು ಇದನ್ನು ಡ್ಯಾಂಪರ್, ಅಂದರೆ ಕುಣಿತ ಇಳಿಸುವಂಥದ್ದು, ಅನ್ನುವುದು ಹೆಚ್ಚು ಸರಿ. ‘ಆಘಾತ ಹೀರುಕ’ ಅಂತ ಕನ್ನಡ ಮಾಡಿದರೆ ಇಂಗ್ಲಿಷಿನ ತಪ್ಪನ್ನೇ ನಾವೂ ಹೊತ್ತುಕೊಂಡಂತೆ.

ನಮ್ಮ ರಸ್ತೆಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಬೈಲಹೊಂಗಲ, ಸವದತ್ತಿ ಕಡೆ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಅಲ್ಲಿ ಶಾಕಪ್ ಸಡಿಲವಾಗಿರುವ ಕಾರು ದೋಣಿಯ ಹಾಗೆ ತೇಲುತ್ತದೆ. ಅದೇ ಕಾರು ಊರೊಳಗಿನ ಸಣ್ಣ ಉಬ್ಬಿನ ಮೇಲೆ ಹಾಯಾಗಿರಬಹುದು. ಟ್ರ್ಯಾಕಿಗೆಂದು ಹೊಂದಿಸಿದ ಕಾರು ಅಲೆಯ ಮೇಲೆ ಕದಲದೆ ಹೋಗುತ್ತದೆ, ಉಬ್ಬು ಬಂದರೆ ಕುಕ್ಕುತ್ತದೆ. ನಮ್ಮ ಕಡೆಯ ಮಾತಿನಲ್ಲಿ ‘ಎತ್ತಿ ಒಗಿತೈತಿ’.

ಈಗ ಪದಗಳಿಗೆ ಬರುತ್ತೇನೆ.

‘ಬಿಗಿ’ಯನ್ನು ಸ್ಪ್ರಿಂಗಿಗೆ ಹಾಕಲು ನನಗೆ ಮನಸ್ಸಿಲ್ಲ. ಬಿಗಿಯ ಎದುರು ಪದ ಸಡಿಲ, ಮೆತ್ತಗೆ ಅಲ್ಲ. ಸಡಿಲ ಸ್ಪ್ರಿಂಗ್ ಅಂದರೆ ಕೆಟ್ಟ ಸ್ಪ್ರಿಂಗ್ ಅಂತಾಗುತ್ತದೆ. ಆದರೆ ಶಾಕಪ್ಪಿಗೆ ಈ ಜೋಡಿ ಹೊಂದುತ್ತದೆ. ಅದು ಮಾಡುವುದು ಹಿಡಿಯುವ ಕೆಲಸ. ಹಿಡಿತ ಬಿಗಿಯೂ ಇರಬಹುದು, ಸಡಿಲವೂ ಇರಬಹುದು.

‘ಬಿರುಸು’ ನನಗೆ ಬಹಳ ಇಷ್ಟವಾಗಿತ್ತು. ನಮ್ಮಲ್ಲಿ ರೊಟ್ಟಿ ಬಿರಸಾಯಿತು ಅಂದರೆ ಮುರಿಯಲು ಬಾರದಷ್ಟು ಗಟ್ಟಿಯಾಯಿತು ಅಂತ. ಆದರೆ ದಕ್ಷಿಣದವರಿಗೆ ಬಿರುಸಿನ ಮಳೆ, ಬಿರುಸಿನ ಪ್ರಚಾರ ನೆನಪಾಗುತ್ತದೆ. ಬಿರುಸಿನ ಸ್ಪ್ರಿಂಗ್ ಅಂದರೆ ಅವರು ವೇಗ ಅಂದುಕೊಳ್ಳುತ್ತಾರೆ. ಒಲ್ಲದ ಮನಸ್ಸಿನಿಂದ ಕೈಬಿಟ್ಟೆ. ‘ಪೆಡಸು’ ಅರ್ಥಕ್ಕೆ ಸರಿ, ಆದರೆ ಕೇಳಲು ಬೈದಂತಿದೆ.

ಉಳಿದದ್ದು ‘ಖಡಕ್’. ಖಡಕ್ ರೊಟ್ಟಿ, ಖಡಕ್ ಚಹಾ, ಖಡಕ್ ಸೂಚನೆ. ಇಡೀ ಕರ್ನಾಟಕಕ್ಕೆ ಗೊತ್ತಿರುವ ಪದ. ಇದರಲ್ಲಿ ಬೈಗುಳವಿಲ್ಲ, ಬಾಳಿಕೆಯ ಅರ್ಥವೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಖಡಕ್ ರೊಟ್ಟಿ ಇಷ್ಟಪಡುವವರೂ ಇದ್ದಾರೆ, ಬಿಸಿ ಮೆತ್ತನೆಯ ರೊಟ್ಟಿ ಬೇಕೆನ್ನುವವರೂ ಇದ್ದಾರೆ. ಯಾವುದೂ ಕೀಳಲ್ಲ. ಖಡಕ್ ಸ್ಪ್ರಿಂಗ್, ಬಿಗಿ ಶಾಕಪ್, ಕುಕ್ಕುವ ಕಾರು: ಹೀಗೆ ಮೂರನ್ನೂ ಬೇರೆ ಮಾಡಿ ಬರೆದರೆ ನನಗೆ ವಾಕ್ಯಗಳು ಸಲೀಸಾಗಿ ಬರುತ್ತಿವೆ.

ಇನ್ನು ಎರಡು ಬಗೆಗಳ ಹೆಸರು. ಇವನ್ನು ಗಟ್ಟಿ, ಮೆತ್ತಗೆ ಅಂತ ಕರೆಯುವುದೇ ಬೇಡ ಅನ್ನಿಸುತ್ತಿದೆ. ರೇಸ್ ಅಂದರೆ ಗಟ್ಟಿ ಅನ್ನುವುದು ಎಲ್ಲ ಕಡೆ ನಿಜವೂ ಅಲ್ಲ. 2007ರ ಫೆರಾರಿ 430 ಸ್ಕುಡೇರಿಯಾದಲ್ಲಿ ಉಳಿದದ್ದೆಲ್ಲ ರೇಸಿನ ಹಾಗೇ ಇಟ್ಟು ಶಾಕಪ್ ಒಂದನ್ನೇ ಸಡಿಲ ಮಾಡುವ ಬಟನ್ ಕೊಟ್ಟಿದ್ದರು. ಅದು ಫಾರ್ಮುಲಾ ಒನ್ ರೇಸಿನ ಚಾಂಪಿಯನ್ ಮೈಕೆಲ್ ಶೂಮಾಕರ್ ಸಲಹೆ. ಆದ್ದರಿಂದ ‘ಹದ’ ಅನ್ನುವ ನಮ್ಮ ಪದ ತರಬೇಕೆಂದಿದ್ದೇನೆ. ಮಣ್ಣಿಗೆ ಹದ, ಪಾಕಕ್ಕೆ ಹದ, ಸಸ್ಪೆನ್ಷನ್ನಿಗೂ ಹದ. ಟೂರ್‌ಗೆ ‘ತಿರುಗಾಟದ ಹದ’. ಟ್ರ್ಯಾಕಿಗೆ ‘ಶರ್ಯತ್ತಿನ ಹದ’. ಎತ್ತಿನ ಗಾಡಿ ಓಟಕ್ಕೆ ನಮ್ಮ ಹಳ್ಳಿಗಳಲ್ಲಿ ಹೇಳುವುದೇ ಶರ್ಯತ್ತು ಅಂತ. ‘ಪಂದ್ಯ’ ಅಂದರೆ ಕ್ರಿಕೆಟ್ ಕಣ್ಣ ಮುಂದೆ ಬರುತ್ತದೆ. ಮೈಸೂರು, ಮಂಗಳೂರು ಕಡೆಯವರು ಶರ್ಯತ್ತು ಅರ್ಥವಾಗುತ್ತದೆಯೇ ಅಂತ ದಯವಿಟ್ಟು ಹೇಳಿ. ಆಗದಿದ್ದರೆ ‘ಓಟದ ಹದ’ ಅನ್ನುತ್ತೇನೆ.

ಶಾಕಪ್ ಮಾಡುವ ಕೆಲಸಕ್ಕೆ ಮಾತ್ರ ಇನ್ನೂ ಒಳ್ಳೆಯ ಕ್ರಿಯಾಪದ ಸಿಕ್ಕಿಲ್ಲ. ‘ನಿಲ್ಲಿಸು’ ಅಂದರೆ ಒಮ್ಮೆಗೇ ನಿಂತಂತೆ. ‘ತಡೆ’ ಅಂದರೆ ಆಡಲು ಬಿಡದಂತೆ. ಮಗು ಮಲಗಿದ ಮೇಲೆ ತೂಗುವ ತೊಟ್ಟಿಲಿಗೆ ಅಂಗೈ ತಾಗಿಸಿ, ಎಚ್ಚರವಾಗದ ಹಾಗೆ ಮೆಲ್ಲಗೆ ಅದರ ಓಲಾಟ ಇಳಿಸುತ್ತೇವಲ್ಲ, ಆ ಕೆಲಸಕ್ಕೆ ನಿಮ್ಮ ಮನೆಗಳಲ್ಲಿ ಒಂದೇ ಪದ ಇದೆಯಾ?