ಸೋರುವುದು, ಜಿನುಗುವುದು, ಊರುವುದು, ಬೆವರುವುದು: ನಿಮ್ಮ ಕಡೆ ಹೇಗೆ ಹೇಳ್ತೀರಿ?

ಹಿರಿಯೂರು ಕಡೆ ನಮ್ಮದೊಂದು ಹಳೇ ಮನೆಯಿದೆ. ಕಲ್ಲು, ಮಣ್ಣಿನ ಗೋಡೆ, ಮೇಲೆ ಗಾರೆ, ಕೆಳಗೊಂದು ನೆಲಮಾಳಿಗೆ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ, ಆ ಮಳೆಗಾಲದಲ್ಲಿ ನೆಲಮಾಳಿಗೆಗೂ ನೀರು ಬಂತು. ಈಗ ರಿಪೇರಿಗೆ ಕೈ ಹಾಕಿದ್ದೇವೆ. ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

‘ಸೋರುತ್ತೆ’ ಅಂದರೆ ನಮ್ಮ ಗೌಂಡಿಗಳು ತಲೆ ಎತ್ತಿ ಮಾಳಿಗೆ ನೋಡುತ್ತಾರೆ. ಸೋರುವುದು ಮೇಲಿನಿಂದ. ಗೋಡೆಯ ಸಂದಿನಿಂದ ಬಂದರೆ ಜಿನುಗುವುದು, ಇಲ್ಲವೇ ಒಸರುವುದು. ತಳದಿಂದ ಎದ್ದರೆ ಊರುವುದು, ಬಾವಿಯಲ್ಲಿ ನೀರು ಊರುತ್ತೆ ಅಂತೀವಲ್ಲ, ಅದೇ ಮಾತು. ಇನ್ನು ಬೆವರುವುದು ಬೇರೆಯೇ. ಮಳೆಗಾಲದ ಹಸಿ ಗಾಳಿ ತಣ್ಣನೆ ಗೋಡೆಗೆ ತಾಗಿ ಹನಿಗಟ್ಟುತ್ತೆ, ಹೊರಗಿನಿಂದ ನೀರು ಬಂದೇ ಇರುವುದಿಲ್ಲ.

ಎಲ್ಲಕ್ಕೂ ‘ತೇವ’ ಅಂದುಬಿಟ್ಟರೆ ಕೆಲಸ ಕೆಡುತ್ತೆ. ಊರುವ ನೀರಿಗೆ ಒಳಗೆ ಗುಂಡಿ ತೋಡಿ ಪಂಪ್ ಇಡಬೇಕಾಗುತ್ತೆ. ಜಿನುಗುವುದಕ್ಕೆ ಮದ್ದು ಇರುವುದು ಹೊರಗೆ: ಮಾಳಿಗೆ ನೀರನ್ನು ದೂರ ಬಿಡಬೇಕು, ಅಂಗಳದ ಇಳಿಜಾರು ಆಚೆಗಿರಬೇಕು. ಬೆವರೋ ಅಲ್ಲವೋ ಗೊತ್ತಾಗದಿದ್ದರೆ ಗೋಡೆಗೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಟೇಪಿನಿಂದ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಮೇಲೆ ಹನಿ ಕೂತರೆ ಬೆವರು. ಹಾಳೆಯ ಹಿಂದೆ ಒದ್ದೆಯಾದರೆ ಗೋಡೆಯಲ್ಲೇ ನೀರಿದೆ.

ಕೆಲವರು ನೆಲಮಾಳಿಗೆಗೆ ‘ಹಗೇವು’ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಹಗೇವು ಜೋಳ ತುಂಬಿಡುವ ಕುಣಿ, ಸಣ್ಣ ಬಾಯಿಯದು. ಇದು ಮೆಟ್ಟಿಲಿರುವ ಕೋಣೆ.

ನನಗೆ ಪದ ಸಿಗದೇ ಇರುವುದು ಒಂದಕ್ಕೆ. ಪಾಯದ ಕೆಳಗಿನ ತೇವ ಗೋಡೆಯೊಳಗೆ ನಿಧಾನವಾಗಿ ಮೇಲಕ್ಕೆ ಹತ್ತುತ್ತೆ. ಒಂದು ಎತ್ತರಕ್ಕೆ ನಿಂತು ಗೆರೆ ಬೀಳುತ್ತೆ, ಅಲ್ಲಿ ಬಿಳೀ ಪುಡಿ ಕಾಣುತ್ತೆ. ನೀರು ಆರಿ ಹೋಗುವಾಗ ಉಪ್ಪು ಉಳಿದು ಗಾರೆಯನ್ನು ತಿನ್ನುತ್ತೆ. ಇಂಥ ಗೋಡೆಗೆ ಸಿಮೆಂಟ್ ಬಳಿಯಲೇಬಾರದು. ನೀರಿಗೆ ಆರಲು ದಾರಿ ಇಲ್ಲದೆ ಇನ್ನೂ ಮೇಲಕ್ಕೆ ಹತ್ತುತ್ತೆ. ಸುಣ್ಣದ ಗಾರೆಯೇ ಸರಿ, ಅದು ತೇವವನ್ನು ಹೊರಗೆ ಬಿಡುತ್ತೆ. ನಮ್ಮಲ್ಲಿ ‘ಗೋಡೆ ನೀರು ಕುಡಿದಿದೆ’ ಅಂತಾರೆ, ‘ಪಸೆ ಏರಿದೆ’ ಅಂತಲೂ ಅಂತಾರೆ. ಆದರೆ ಮಳೆ ಹೊಡೆದು ನೆನೆದ ಗೋಡೆಗೂ ‘ನೀರು ಕುಡಿದಿದೆ’ ಅನ್ನುವುದುಂಟು, ಹಾಗಾಗಿ ‘ಪಸೆ ಏರುವುದು’ ಜಾಸ್ತಿ ಖಚಿತ ಅನ್ನಿಸುತ್ತೆ.

ಆ ಬಿಳೀ ಪುಡಿಗೆ ಏನಂತೀರಿ? ‘ಗೋಡೆ ಉಪ್ಪು ಕಾರುತ್ತೆ’ ಅನ್ನುವುದು ಕೇಳಿದ್ದೇನೆ. ‘ಕರಲು’ ಅನ್ನಬಹುದಾ? ಚಳ್ಳಕೆರೆ ಕಡೆ ಮಾಳಿಗೆ ಸೋರದಿರಲಿ ಅಂತ ಮೇಲೆ ಹಾಕುವುದೇ ಕರಲು ಮಣ್ಣು, ಅಂದರೆ ಉಪ್ಪಿನಂಶದ ಚೌಳು ಮಣ್ಣು, ನೆನೆದಾಗ ಒತ್ತಾಗಿ ಕೂತು ನೀರು ಇಳಿಯಲು ಬಿಡುವುದಿಲ್ಲ. ಗೋಡೆಯ ಉಪ್ಪಿಗೂ ಅದೇ ಪದ ಬಳಸುವವರು ಇದ್ದಾರಾ? ದಾವಣಗೆರೆ, ಹರಿಹರದ ಭದ್ರಾ ಕಾಲುವೆ ಬದಿಯ ಊರಿನವರು ‘ಬಸಿ ನೀರು’ ಅನ್ನುವುದನ್ನು ಮನೆಯೊಳಗೆ ಬಂದ ನೀರಿಗೂ ಹೇಳ್ತೀರಾ, ಇಲ್ಲ ಗದ್ದೆಗೆ ಮಾತ್ರವಾ? ಊರಿನ ಹೆಸರು ಸೇರಿಸಿ ಬರೆಯಿರಿ.