ಪದಚರ್ಚೆ: 'ಸ್ಥಾನಸೂಚಕ' ಯಾವುದಕ್ಕೆ? ಜೀಪಿನ ಕಾರ್ಡಿಗೆ ಪದ ಬೇಕು, ಸೋಮವಾರ ಪ್ರೆಸ್ಸಿಗೆ

ಹೊಸನಗರದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಕಾರ್ಡು ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ನಿಟ್ಟೂರು, ಕಟ್ಟಿನಹೊಳೆ ಕಡೆ ಜೀಪು ಓಡಿಸುವವರಿಗೂ, ರಜೆಯಲ್ಲಿ ಸ್ವಂತ ಗಾಡಿ ತಂದು ಕಾಡುದಾರಿಗೆ ಇಳಿಯುವವರಿಗೂ ಆಗಬೇಕು. ಅಂಗೈ ಅಗಲದ್ದು, ಎರಡೂ ಬದಿ ಅಚ್ಚು, ಡ್ಯಾಶ್‌ಬೋರ್ಡಿಗೆ ಸಿಕ್ಕಿಸುವಂಥದ್ದು. ದಾರಿ ನೋಡಲು ಏನೇನು ಇಟ್ಟುಕೊಳ್ಳಬೇಕು, ಗಾಡಿ ಹೂತುಕೊಂಡು ಯಾರಿಗಾದರೂ ಪೆಟ್ಟಾದರೆ ಹೊರಗೆ ಸುದ್ದಿ ಮುಟ್ಟಿಸಲು ಯಾವುದು ಬೇಕು, ಇಷ್ಟೇ ವಿಷಯ.

ತೊಡಕು ಎಲ್ಲಿದೆ ಅಂದರೆ, ಕೈಗೆ ಬಂದ ಕರಡಿನಲ್ಲಿ ಜಿಪಿಎಸ್‌ಗೆ 'ಸ್ಥಾನಸೂಚಕ' ಅಂತಿದೆ. ಪಿಎಲ್‌ಬಿ ಅನ್ನುವ ತುರ್ತು ಬೀಕನ್‌ಗೆ 'ವೈಯಕ್ತಿಕ ಸ್ಥಾನಸೂಚಕ' ಅಂತಿದೆ. ಓದಿದವರಿಗೆ ಎರಡೂ ಒಂದೇ ಜಾತಿ ಅನಿಸುತ್ತದೆ. ಆದರೆ ಜಿಪಿಎಸ್ ಬರೀ ಕೇಳುತ್ತದೆ. ಉಪಗ್ರಹದ ಸಂಕೇತ ಹಿಡಿದು 'ನೀನು ಇಲ್ಲಿದ್ದೀಯ' ಅಂತ ನನಗೆ ಹೇಳುತ್ತದೆ, ಹೊರಗಿನ ಯಾರಿಗೂ ಒಂದಕ್ಷರ ಕಳಿಸುವುದಿಲ್ಲ. ಪಿಎಲ್‌ಬಿ ಇದಕ್ಕೆ ತಿರುವುಮುರುವು. ಅದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗು ಹಾಕುತ್ತದೆ, ನಮ್ಮ ಜೊತೆ ಮಾತಾಡುವುದಿಲ್ಲ. 'ಜಿಪಿಎಸ್ ಇದೆಯಲ್ಲ, ಹುಡುಕಿಕೊಂಡು ಬರ್ತಾರೆ ಬಿಡಿ' ಅನ್ನುವ ಮಾತು ನಮ್ಮ ಕಡೆ ಆಗಾಗ ಕೇಳುತ್ತದೆ. ಕಾರ್ಡಿನಲ್ಲಿ ಎರಡಕ್ಕೂ ಒಂದೇ ಹೆಸರು ಬಂದರೆ ಆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ.

ಹಾಗಾಗಿ ಈ ಎರಡಕ್ಕೂ ಬೇರೆಬೇರೆ ಹೆಸರು ಬೇಕು. ವೇಪಾಯಿಂಟ್‌ಗೆ, ಅಂದರೆ ಜಿಪಿಎಸ್‌ನಲ್ಲಿ ಉಳಿಸಿಕೊಳ್ಳುವ ಜಾಗಕ್ಕೆ, ಒಂದು ಪದ. ಮೊದಲೇ ಹಾಕಿಕೊಂಡ ರೂಟ್, ಆಮೇಲೆ ಉಳಿಯುವ ಟ್ರ್ಯಾಕ್, ಇವೆರಡರ ವ್ಯತ್ಯಾಸ ತಿಳಿಯಬೇಕು. ಆಫ್‌ಲೈನ್ ಮ್ಯಾಪ್, ಆಪತ್ತಿನಲ್ಲಿ ಒತ್ತುವ ಎಸ್‌ಒಎಸ್ ಬಟನ್, ಎರಡೂ ಕಡೆ ಸಂದೇಶ ಹೋಗಿಬರುವ ಸ್ಯಾಟಲೈಟ್ ಮೆಸೆಂಜರ್, ಇವಕ್ಕೂ ಬೇಕು. ಹತ್ತನೇ ಕ್ಲಾಸು ಓದಿದ ಡ್ರೈವರಿಗೆ ಒಂದೇ ಓದಿಗೆ ಅರ್ಥವಾಗಬೇಕು.

ಮೈಸೂರಿನಿಂದ:

ಸಂಸ್ಕೃತ ಬಿಟ್ಟರೆ ಇಂಗ್ಲಿಷ್. ನಡುವೆ ಕನ್ನಡ ಅನ್ನುವುದು ಇಲ್ಲವೇ?

ಪಿಎಲ್‌ಬಿಗೆ ಬೇಕಾದ ಪದ ನಮ್ಮಲ್ಲಿ ಹಳೆಯ ಕಾಲದಿಂದಲೂ ಇದೆ. ಹಳಗನ್ನಡದ 'ಪುಯ್ಯಲ್'. ಆಪತ್ತಿನಲ್ಲಿ ನೆರವಿಗಾಗಿ ಹಾಕುವ ಕೂಗು. ವೀರಗಲ್ಲುಗಳಲ್ಲಿ ತುಱುಗೋಳ್, ಪೆಣ್ಬುಯ್ಯಲ್ ಅಂತ ಮತ್ತೆಮತ್ತೆ ಬರುತ್ತದೆ. ದನ ಹೊಡೆದುಕೊಂಡು ಹೋದಾಗ, ಹೆಂಗಸರ ಮೇಲೆ ಕೈ ಬಿದ್ದಾಗ ಆ ಕೂಗು ಕೇಳಿ ಊರವರು ಓಡಿದರು, ಕಾದಾಡಿ ಸತ್ತರು, ಅವರಿಗೆ ಕಲ್ಲು ನಿಲ್ಲಿಸಿದರು. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯಲ್ಲೇ ವೀರಗಲ್ಲುಗಳಿವೆ, ತಾವು ಹೋಗಿ ನೋಡಬಹುದು. ಪಕಾರ ಹಕಾರವಾಗಿ ಅದೇ ಹುಯ್ಯಲು, ಹುಯಿಲು. ಆದ್ದರಿಂದ ಪಿಎಲ್‌ಬಿ 'ಹುಯಿಲುಪೆಟ್ಟಿಗೆ'. ಎಸ್‌ಒಎಸ್ ಬಟನ್ 'ಹುಯಿಲುಗುಂಡಿ'. ಮ್ಯಾಪ್ 'ನೆಲತಿಟ್ಟ'. ನಕ್ಷೆ ಅರಬ್ಬಿಯಿಂದ ಬಂದದ್ದು, ಬೇಡ.

ಧಾರವಾಡದಿಂದ:

ಹುಯಿಲು ಆಗೋದಿಲ್ಲ. ಪೇಪರ್ ತೆಗೆದು ನೋಡ್ರಿ, 'ವಿರೋಧ ಪಕ್ಷದವರು ಸುಮ್ನೆ ಹುಯಿಲೆಬ್ಬಿಸಿದ್ದಾರೆ' ಅಂತ ಬರೀತಾರೆ. ಇವತ್ತಿನ ಓದುಗರಿಗೆ ಅದು ಹುಸಿ ಗದ್ದಲ. ಜೀವದ ಮೇಲೆ ಬಂದಾಗಿನ ಕೂಗಿಗೆ ಆ ಪದ ಇಡೋದು ಸರಿಯಲ್ಲ. ಮೂಲ ಏನೇ ಇರಲಿ, ಪದ ಈಗ ನಿಂತಿರುವ ಜಾಗ ನೋಡಬೇಕು.

ನಕ್ಷೆ ಬೇಡ ಅಂದ್ರೆ ರಸ್ತೆನೂ ಬೇಡ, ಅದು ಪಾರ್ಸಿ. ತಾಲೂಕು, ಬದಲು ಬೇಡ, ಅವೂ ಅರಬ್ಬಿ. 'ತುರ್ತು' ಅಚ್ಚಗನ್ನಡ ಅಂತ ಬಹಳ ಜನ ತಿಳಿದಿದ್ದಾರೆ. ಅದರ ಬುಡ ಸಂಸ್ಕೃತದ 'ತ್ವರಿತ', ಮರಾಠಿಯಲ್ಲೂ 'ತುರ್ತ' ಇದೆ. ಹಾಗಂತ ಆಸ್ಪತ್ರೆಯ ತುರ್ತು ಚಿಕಿತ್ಸೆ ಬೋರ್ಡು ಕೀಳೋದಾ? ನಕ್ಷೆ ಇರಲಿ. ಈ ಚರ್ಚೆ ಇಲ್ಲಿಗೇ ಸಾಕು.

ಸಾಗರದಿಂದ:

ಅಕ್ಕ, ದಯವಿಟ್ಟು 'ಗುಂಡಿ' ಹಾಕಬೇಡಿ. ನಮ್ಮಲ್ಲಿ ಗುಂಡಿ ಅಂದರೆ ಹೊಳೆಯಲ್ಲಿ ನೀರು ಆಳ ಇರುವ ಜಾಗ. 'ಗುಂಡಿ ಇದೆ, ಇಳಿಯಬೇಡಿ' ಅಂತ ಹೊಸಬರಿಗೆ ಹೇಳುವ ಊರಿನಲ್ಲಿ 'ಅಪಾಯ ಬಂದರೆ ಗುಂಡಿ' ಅಂತ ಅಚ್ಚು ಹಾಕಿದರೆ ಹೇಗೆ ಮಾರಾಯ್ರೆ? ಬಟನ್ ಅನ್ನಿ. ಮೊಬೈಲ್ ಹಿಡಿದವರಿಗೆಲ್ಲ ಗೊತ್ತು.

ಟ್ರ್ಯಾಕಿಗೆ 'ಜಾಡು' ಬಿಟ್ಟು ಬೇರೆ ಹುಡುಕಬೇಡಿ. ಹಂದಿ ಜಾಡು, ಕಾಟಿ ಜಾಡು ಅಂತೀವಲ್ಲ, ಅದೇ. ಹೋದ ಮೇಲೆ ಉಳಿಯೋದು ಜಾಡು. ಹೋಗುವ ಮೊದಲೇ ಗೆರೆ ಎಳೆದುಕೊಂಡದ್ದು ದಾರಿ. ಜಿಪಿಎಸ್ ಮಾಡೋದೂ ಹಾಗೇ ಅಲ್ವಾ, ನಾವು ಹೋದಂತೆ ಒಂದೊಂದೇ ಗುರುತು ಇಡ್ತಾ ಬರುತ್ತದೆ. ಕೊಡಚಾದ್ರಿ ಬುಡದಲ್ಲಿ ಮಂಜು ಇಳಿದು ಕವಲು ಕಾಣದೇ ಹೋದಾಗ ಬೇಕಾಗೋದು ಅದೊಂದೇ. 'ಬಂದ ಜಾಡು ಹಿಡಿದು ವಾಪಸ್ ಬನ್ನಿ' ಅಂತ ಬರೆಯಿರಿ, ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ವೇಪಾಯಿಂಟ್‌ಗೆ ಬರೀ 'ಗುರುತು' ಸಾಕು. ಸಂಕ, ಹೊಳೆ ದಾಟುವ ಜಾಗ, ಕೊನೆಯ ಮನೆ, ಇವಕ್ಕೆಲ್ಲ ಗುರುತು ಹಾಕಿಕೊಳ್ಳಿ ಅಂದರೆ ಆಯ್ತು. 'ಹೆಗ್ಗುರುತು' ಬೇಡ, ಅದು ಬಂಡೆಗೋ ಗೋಪುರಕ್ಕೋ ಹೇಳುವ ಮಾತು.

ಇನ್ನೊಂದು. 'ಕಂಪಾಸ್' ಅಂತ ಎಲ್ಲೂ ಬರೆಯಬೇಡಿ. ಕಂಪಾಸ್ ಅಂದರೆ ಮಕ್ಕಳ ಜಾಮಿಟ್ರಿ ಡಬ್ಬಿ. 'ದಿಕ್ಸೂಚಿ' ಸಂಸ್ಕೃತ ಆದರೂ ಶಾಲೆಯಲ್ಲಿ ಎಲ್ಲರೂ ಕಲಿತಿದ್ದಾರೆ. ಬ್ಯಾಟರಿ ಬೇಡದ ಸಾಧನ ಅದೊಂದೇ.

ಮೈಸೂರಿನಿಂದ:

ಶರ್ಟಿಗೆ ಗುಂಡಿ, ರೇಡಿಯೋಗೆ ಗುಂಡಿ ಅಂತಲೇ ನಾವು ಬೆಳೆದದ್ದು. ಒಂದು ಸೀಮೆಯ ಹೊಳೆಗಾಗಿ ಇಡೀ ನಾಡಿನ ಪದ ಬಿಡುವುದನ್ನು ನಾನು ಒಪ್ಪುವುದಿಲ್ಲ. ಎರವಲು ತರಬಾರದು ಅಂತ ನಾನು ಹೇಳಿಲ್ಲ. ಜೀಪು ತಂದಿದ್ದೇವೆ, ರೇಡಿಯೋ ತಂದಿದ್ದೇವೆ, ಇಟ್ಟುಕೊಳ್ಳೋಣ. ಮನೆಯ ಮೂಟೆಯಲ್ಲಿ ಅಕ್ಕಿ ಇರುವಾಗಲೂ ಪಕ್ಕದ ಮನೆಗೆ ಸೇರು ಹಿಡಿದು ಹೋಗುವುದು ಬೇಡ ಅಂದೆ. ಇವತ್ತು ಬಟನ್, ನಾಳೆ 'ಹೆಲ್ಪ್' ಅಂತಲೇ ಬರೆಯುತ್ತೀರಿ.

ಧಾರವಾಡದವರು ಚರ್ಚೆ ಸಾಕು ಅನ್ನಲು ಇದು ಅವರ ಮನೆಯ ಪಡಸಾಲೆಯಲ್ಲ.

ಬೆಂಗಳೂರಿನಿಂದ:

ನಾನು ಹ್ಯಾಮ್ ರೇಡಿಯೋ ಲೈಸೆನ್ಸ್ ಇರುವವನು. ಪದಕ್ಕಿಂತ ಮೊದಲು ಕಾನೂನು ಸರಿ ಇರಲಿ. ಸ್ಯಾಟಲೈಟ್ ಫೋನು, ಸ್ಯಾಟಲೈಟ್ ಮೆಸೆಂಜರ್ ಎರಡನ್ನೂ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಬಳಸುವಂತಿಲ್ಲ. ಥುರಾಯ, ಇರಿಡಿಯಂ ಫೋನುಗಳಿಗೆ ನಿಷೇಧವೇ ಇದೆ. ಗಾರ್ಮಿನ್ ಇನ್‌ರೀಚ್ ಅನ್ನುವ ಮೆಸೆಂಜರ್ ನಡೆಯುವುದು ಅದೇ ಇರಿಡಿಯಂ ಉಪಗ್ರಹಗಳ ಮೇಲೆ. 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಅದು ಬ್ಯಾಗಿನಲ್ಲಿ ಸಿಕ್ಕಿತು ಅಂತ ವಿದೇಶಿಯರನ್ನು ತಡೆದಿದ್ದು ಸುದ್ದಿಯಾಗಿತ್ತು. ಅನುಮತಿ ಪಡೆದವರಿಗೆ ಬಿಎಸ್‌ಎನ್‌ಎಲ್ ಮೂಲಕ ಇನ್‌ಮಾರ್‌ಸ್ಯಾಟ್ ಫೋನು ಸಿಗುತ್ತದೆ. ನಿಮ್ಮ ಕರಡು ಯಾವುದೋ ಹೊರದೇಶದ ಸಲಹೆಯ ಅನುವಾದ ಇದ್ದಂತಿದೆ. ಅದು ಹಾಗೇ ಕನ್ನಡಕ್ಕೆ ಇಳಿದರೆ, ನಂಬಿ ಕೊಂಡವರು ಠಾಣೆ ಮೆಟ್ಟಿಲು ಹತ್ತಬೇಕಾಗುತ್ತದೆ.

ಪಿಎಲ್‌ಬಿ ಇಟ್ಟುಕೊಳ್ಳುವವರೂ ನಿಯಮ ಕೇಳಿಕೊಂಡು, ನೋಂದಣಿ ಮಾಡಿಸಿಯೇ ಇಟ್ಟುಕೊಳ್ಳಬೇಕು. ಪ್ರತಿಯೊಂದಕ್ಕೂ 15 ಅಕ್ಷರದ ಗುರುತಿನ ಸಂಖ್ಯೆ ಇರುತ್ತದೆ. ಅದು ಯಾರದ್ದು ಅಂತ ದಾಖಲೆ ಇದ್ದರೆ ಹುಡುಕುವವರು ಮೊದಲು ಮನೆಗೆ ಫೋನ್ ಮಾಡಿ ವಿಚಾರಿಸಬಹುದು. ನಮ್ಮ ದೇಶದ ಮಟ್ಟಿಗೆ ಆ ಸಂಕೇತ ಬಂದು ಸೇರುವ ಕೇಂದ್ರ ಬೆಂಗಳೂರಿನ ಇಸ್ರೋದಲ್ಲಿದೆ.

ವಾಕಿಟಾಕಿಯನ್ನು ವಾಕಿಟಾಕಿ ಅನ್ನಿ. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟಿಗೆ 2018ರ ನಿಯಮದ ಪ್ರಕಾರ ಲೈಸೆನ್ಸ್ ಬೇಡ. ಮುಂದಿನ ಜೀಪು, ಹಿಂದಿನ ಜೀಪು ಮಾತಾಡಿಕೊಳ್ಳಲು ಅದು ಸಾಕು. ಗುಡ್ಡ ಅಡ್ಡ ಬಂದರೆ ಮಾತು ನಿಂತಿತು. ಅದರಿಂದ ಊರಿಗೆ ಸುದ್ದಿ ಹೋಗುತ್ತದೆ ಅಂತ ಬರೆಯಬೇಡಿ.

ಕರಡಿನಲ್ಲಿ ಎಸ್‌ಒಎಸ್‌ಗೆ 'ನಮ್ಮ ಜೀವ ಉಳಿಸಿ' ಅಂತ ವಿಸ್ತರಣೆ ಕೊಟ್ಟಿದ್ದರೆ ತೆಗೆಯಿರಿ. ಆ ಅಕ್ಷರಗಳಿಗೆ ವಿಸ್ತರಣೆ ಇಲ್ಲ. ಮೋರ್ಸ್ ಅನ್ನುವ ತಂತಿ ಸಂಕೇತದಲ್ಲಿ ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿ. ಹೊಡೆಯಲು ಸುಲಭ, ಕೇಳಿದ ಕೂಡಲೇ ಗುರುತು ಸಿಗುತ್ತದೆ. ಅದಕ್ಕೇ 1906ರಲ್ಲಿ ಬರ್ಲಿನ್‌ನಲ್ಲಿ ಆದ ಒಪ್ಪಂದದಲ್ಲಿ ಅದನ್ನು ಆರಿಸಿದರು. ಇಂಗ್ಲಿಷ್ ವಿಸ್ತರಣೆ ಆಮೇಲೆ ಜನ ಕಟ್ಟಿದ್ದು.

ಹೊಸನಗರದಿಂದ:

ಎಲ್ಲರಿಗೂ ಧನ್ಯವಾದ. ಸ್ಯಾಟಲೈಟ್ ಮೆಸೆಂಜರಿನ ಸಾಲು ತೆಗೆದೆವು. ಆ ಜಾಗದಲ್ಲಿ 'ಅನುಮತಿ ಇಲ್ಲದ ಸ್ಯಾಟಲೈಟ್ ಫೋನು, ಮೆಸೆಂಜರ್ ತರಬೇಡಿ' ಅಂತ ಬರುತ್ತದೆ. ದಾರಿ, ಜಾಡು, ಗುರುತು, ದಿಕ್ಸೂಚಿ, ನಕ್ಷೆ, ವಾಕಿಟಾಕಿ, ಬಟನ್, ಇವು ಹಾಗೇ ಹೋಗುತ್ತವೆ.

ಮೈಸೂರಿನ ಮೇಷ್ಟ್ರೇ, ಪುಯ್ಯಲ್ ಬಗ್ಗೆ ನೀವು ಹೇಳಿದ್ದು ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಬೀಕನ್ ಮಾಡುವ ಕೆಲಸ ಅದೇ. ಆದರೆ ಪೆಟ್ಟು ತಿಂದವನ ಪಕ್ಕದಲ್ಲಿ ಕೂತು ನಡುಗುವ ಕೈಯಲ್ಲಿ ಕಾರ್ಡು ತಿರುಗಿಸುವವನಿಗೆ ಆ ಪದ ಬಿಡಿಸಿ ಹೇಳಲು ಅಲ್ಲಿ ಯಾರೂ ಇರುವುದಿಲ್ಲ. ಅದಕ್ಕೆ 'ಕೂಗುಪೆಟ್ಟಿಗೆ' ಅಂತ ಇಡುತ್ತಿದ್ದೇನೆ, ಪಕ್ಕದಲ್ಲಿ ಪಿಎಲ್‌ಬಿ ಅಂತಲೂ ಇರುತ್ತದೆ. ಕೂಗಳತೆ ಅನ್ನುವ ಮಾತು ನಮ್ಮಲ್ಲಿ ಇನ್ನೂ ಬಾಯಲ್ಲಿದೆ. ಜಿಪಿಎಸ್ ಹೆಸರು ಮುಟ್ಟುವುದಿಲ್ಲ, ಕೆಳಗೆ ಒಂದು ಸಾಲು: 'ಇದು ನಿಮಗೆ ಜಾಗ ತೋರಿಸುತ್ತದೆ, ಬೇರೆಯವರಿಗೆ ತಿಳಿಸುವುದಿಲ್ಲ.' ಸ್ಥಾನಸೂಚಕ ಎರಡೂ ಕಡೆಯಿಂದ ಹೋಯಿತು.

ಆಫ್‌ಲೈನ್ ಮ್ಯಾಪಿಗೆ 'ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟ ನಕ್ಷೆ'. ಉದ್ದ ಆಯಿತು, ಗೊತ್ತು. ಆದರೆ ಮನೆಯಲ್ಲೇ ಅನ್ನುವುದು ಅಲ್ಲಿ ಬರಲೇಬೇಕು. ನೆಟ್‌ವರ್ಕ್ ಇಲ್ಲದ ಕಡೆಯೂ ಮೊಬೈಲಿನ ಜಿಪಿಎಸ್ ಕೆಲಸ ಮಾಡುತ್ತದೆ, ನಕ್ಷೆ ಮಾತ್ರ ಬರುವುದಿಲ್ಲ. ನೀಲಿ ಬೊಟ್ಟು ಕಾಣುತ್ತದೆ, ಸುತ್ತ ಬರೀ ಬೂದು ಬಣ್ಣ. ಆಗ ನಕ್ಷೆ ಇಳಿಸಿಕೊಳ್ಳೋಣ ಅಂದರೆ ಆಗುವುದಿಲ್ಲ. ಕಾಗದದ ನಕ್ಷೆಯೂ ಒಂದಿರಲಿ ಅಂತ ಸೇರಿಸಿದ್ದೇವೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್.

ಈಗ ಒಂದು ಸಾಲಿಗೆ ನಿಮ್ಮ ಅಭಿಪ್ರಾಯ ಬೇಕೇ ಬೇಕು. ಏರು ಹತ್ತಿ ಸಿಗ್ನಲ್ ಸಿಕ್ಕಾಗ 112ಕ್ಕೆ ಜಾಗ ಹೇಳಬೇಕು. (ನಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಪರದೆಯ ಮೇಲೆ 'ತುರ್ತು ಕರೆಗಳು ಮಾತ್ರ' ಅಂತ ಇದ್ದರೆ ಬೇರೆ ಕಂಪನಿಯ ಟವರ್ ಸಿಗುತ್ತಿದೆ ಅಂತ ಅರ್ಥ, 112 ಒತ್ತಿ ನೋಡಬೇಕು. ಇದೂ ಕಾರ್ಡಿನಲ್ಲಿದೆ.) ಕೊಡಚಾದ್ರಿಯ ಅಕ್ಷಾಂಶ ಒಂದು ಮೊಬೈಲಿನಲ್ಲಿ 13.86 ಅಂತ ಕಾಣುತ್ತದೆ, ಇನ್ನೊಂದರಲ್ಲಿ 13 ಡಿಗ್ರಿ 51 ನಿಮಿಷ ಅಂತ. ಎರಡೂ ಸರಿ, ಒಂದು ಡಿಗ್ರಿಗೆ 60 ನಿಮಿಷ ತಾನೇ. ಆದರೆ ಗಾಬರಿಯಲ್ಲಿ 'ಹದಿಮೂರು, ಐವತ್ತೊಂದು' ಅಂತಷ್ಟೇ ಹೇಳಿದರೆ ಆ ಕಡೆಯವರು 13.51 ಅಂತ ಬರೆದುಕೊಳ್ಳಬಹುದು. ಅಲ್ಲಿಗೆ ಸುಮಾರು 39 ಕಿಲೋಮೀಟರ್ ದಕ್ಷಿಣಕ್ಕೆ, ಆಗುಂಬೆಯ ಸಾಲಿಗೆ ಹೋಯಿತು. ಹುಡುಕುವವರು ಬೇರೆಯೇ ಘಾಟಿಯಲ್ಲಿ ಇರುತ್ತಾರೆ. ಅದಕ್ಕೆ ಎಲ್ಲರೂ ಒಂದೇ ಥರ, ದಶಾಂಶದಲ್ಲೇ ಹೇಳಲಿ ಅಂತ ತೀರ್ಮಾನ. ಚುಕ್ಕಿ ಆದ ಮೇಲೆ ನಾಲ್ಕು ಅಂಕಿ, ನಾಲ್ಕನೆಯದು ಸುಮಾರು 11 ಮೀಟರಿನ ಲೆಕ್ಕ. ಆ ಚುಕ್ಕಿಯನ್ನು ಫೋನಿನಲ್ಲಿ ಏನಂತ ಹೇಳಬೇಕು? ಪಾಯಿಂಟ್, ಬಿಂದು, ದಶಾಂಶ?

ಧಾರವಾಡದಿಂದ:

ಪಾಯಿಂಟ್. ಕ್ರಿಕೆಟ್ ಓವರ್‌ನಿಂದ ಪೆಟ್ರೋಲ್ ಬಂಕ್ ತನಕ ಜನ ಅದನ್ನೇ ಅಂತಾರೆ. ಅಂಕಿ ಒಂದೊಂದೇ ಬಿಡಿಸಿ ಹೇಳಿಸ್ರಿ. 'ಎಂಬತ್ತಾರು' ಅಂದ್ರೆ ಸದ್ದಿನಲ್ಲಿ 'ಎಪ್ಪತ್ತಾರು' ಅಂತ ಕೇಳಿಸಬಹುದು.

ಮೈಸೂರಿನಿಂದ:

ಕೂಗುಪೆಟ್ಟಿಗೆ ಚೆನ್ನಾಗಿದೆ. ಚುಕ್ಕಿ ಅನ್ನುವ ಒಳ್ಳೆಯ ಪದವನ್ನು ತಾವೇ ಬರೆದು, ಆಮೇಲೆ ಕೊಟ್ಟ ಮೂರು ಆಯ್ಕೆಯಲ್ಲಿ ಅದನ್ನೇ ಬಿಟ್ಟಿದ್ದೀರಿ. ಚುಕ್ಕಿ ಇರಲಿ. ಗುಂಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಸಾಗರದಿಂದ:

ಕಾರ್ಡಿನಲ್ಲಿ ಓದೋದಕ್ಕೆ ಚುಕ್ಕಿ ಚೆಂದ ಇದೆ ಸರ್. ಆದರೆ ಇದು ಬಾಯಲ್ಲಿ ಹೇಳಿ, ಇನ್ನೊಬ್ಬರು ಬರೆದುಕೊಳ್ಳುವ ಮಾತು. ಆ ಕಡೆ ಕೂತವರು ಯಾವ ಊರಿನವರೋ ಏನೋ, ಪಾಯಿಂಟ್ ಅಂದರೆ ಕೈ ತಾನಾಗೇ ಚುಕ್ಕಿ ಇಡುತ್ತದೆ.

ಅಕ್ಕ, ನಾಳೆ ಭಾನುವಾರ ನಿಟ್ಟೂರಿನಲ್ಲಿ ಜೀಪುಗಳು ನಿಲ್ಲುವ ಕಡೆ ಪ್ರೂಫ್ ತಗೊಂಡು ಹೋಗಿ. 'ಒಂದು ಮೂರು ಪಾಯಿಂಟ್ ಎಂಟು ಆರು' ಅಂತ ಒಬ್ಬರ ಹತ್ತಿರ ಜೋರಾಗಿ ಓದಿಸಿ, ಇನ್ನೊಬ್ಬರ ಹತ್ತಿರ ಬರೆಸಿ. ಕೂಗುಪೆಟ್ಟಿಗೆ ಸಾಲನ್ನೂ ಓದಿಸಿ, ಇದು ಏನು ಮಾಡುತ್ತೆ ಅಂತ ಕೇಳಿ. ಎಲ್ಲಿ ತಡವರಿಸ್ತಾರೋ ಆ ಪದ ಸಂಜೆಯೊಳಗೆ ಇಲ್ಲಿಗೆ ಬರೆಯಿರಿ, ರಾತ್ರಿ ಕೂತು ನೋಡೋಣ.